ಅಮಾನತಿನಲ್ಲಿರುವ ಪರವಾನಗಿ

(ಬಾನುಲಿ ಭಾಷಣ)



ಈ ನಿಲಯದವರು ನನಗೆ ಬರೆದ ಕಾಗದದಲ್ಲಿ ‘ತಮಗೆ ಪ್ರಿಯವಾದ ಯಾವುದಾದರೊಂದು ವಿಷಯ’ ಎಂದಷ್ಟೇ ಇತ್ತು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಂದ ಅವರು ಕುಮಾರವ್ಯಾಸನನ್ನೋ ವಚನಕಾರರನ್ನೋ ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಕೆಲವು ತಿಂಗಳುಗಳಿಂದ ನನ್ನ ಮನಸ್ಸನ್ನು ಆಕ್ರಮಿಸಿಕೊಂಡು ಕುಳಿತಿರುವುದು ಕಾವ್ಯವಲ್ಲ. 1988ರ ಮೋಟಾರು ವಾಹನಗಳ ಕಾಯಿದೆ. ಅದರಲ್ಲಿಯೂ 182ನೆಯ ಕಲಮು. ಚಾಲನಾ ಪರವಾನಗಿಯನ್ನು ಅಮಾನತಿನಲ್ಲಿಟ್ಟ ಮೇಲೂ ವಾಹನವನ್ನು ನಡೆಸಿದವನಿಗೆ ಏನಾಗುತ್ತದೆ ಎಂಬುದನ್ನು ಆ ಕಲಮು ಹೇಳುತ್ತದೆ. ಅದು ನನಗೆ ಪ್ರಿಯವಾದ ವಿಷಯ ಎನ್ನಲಾರೆ. ಪರಿಚಯದ ವಿಷಯ. ಆ ಪರಿಚಯವೂ ಪುಸ್ತಕದಿಂದ ಆದದ್ದಲ್ಲ.

ನಾನು ಸ್ಕೂಟರು ಕಲಿತದ್ದು 1984ರಲ್ಲಿ. ಅಂದಿನಿಂದ ನಲವತ್ತು ವರ್ಷ ಒಂದಲ್ಲ ಒಂದು ದ್ವಿಚಕ್ರ ವಾಹನದ ಮೇಲೆಯೇ ನನ್ನ ಸಂಸಾರ, ಉದ್ಯೋಗ, ಸಾಹಿತ್ಯ ಸೇವೆ ಎಲ್ಲವೂ ಸಾಗಿದುವು. ಐವತ್ತೈದು ದಾಟಿದವರು ಐದೈದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರ ಸಹಿತ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕು. ಅದನ್ನೂ ತಪ್ಪದೆ ಮಾಡಿದ್ದೆ. ಹೀಗಿರುವಾಗ ಕಳೆದ ನವೆಂಬರಿನ ಒಂದು ಸಂಜೆ ನಮ್ಮೂರಿನ ದೊಡ್ಡ ವೃತ್ತದಲ್ಲಿ ಕೆಂಪು ದೀಪ ಉರಿಯುತ್ತಿದ್ದಾಗಲೇ ಮುಂದೆ ಸಾಗಿಬಿಟ್ಟೆ. ಎಡಗೈಯಲ್ಲಿ ಮೊಬೈಲು ಇತ್ತು. ಅತ್ತ ಕಡೆಯಿಂದ ಒಬ್ಬ ಹಳೆಯ ಸಹೋದ್ಯೋಗಿ ಯಾವುದೋ ವಿಚಾರಸಂಕಿರಣಕ್ಕೆ ಪ್ರಬಂಧ ಬೇಕೆಂದು ಒತ್ತಾಯಿಸುತ್ತಿದ್ದರು. ನಾನು ಒಲ್ಲೆನೆಂದು ಹೇಳುತ್ತ ಒಳಗೊಳಗೇ ಒಪ್ಪಿಕೊಳ್ಳುತ್ತಿದ್ದೆ. ಅಂಥ ಸುಖದಲ್ಲಿ ಕೆಂಪು ದೀಪ ಕಾಣಿಸುವುದು ಕಷ್ಟ.

ನಿಲ್ಲಿಸಿದ ಪೊಲೀಸಿನ ತರುಣ ಬಹಳ ಮರ್ಯಾದೆಯಿಂದಲೇ ನಡೆದುಕೊಂಡ. ಪರವಾನಗಿಯನ್ನು ತೆಗೆದುಕೊಂಡು ಒಂದು ಚೀಟಿ ಬರೆದುಕೊಟ್ಟ. ಆ ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾನು ಸ್ಕೂಟರಿನಲ್ಲೇ ಮನೆಗೆ ಹೋದೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ತೊಂಬತ್ತರ ದಶಕದಲ್ಲಿ ಒಮ್ಮೆ ಹೀಗೆಯೇ ಚೀಟಿ ಪಡೆದು, ನ್ಯಾಯಸ್ಥಾನದಲ್ಲಿ ದಂಡ ಕಟ್ಟುವವರೆಗೆ ಅದನ್ನೇ ಪರವಾನಗಿಯೆಂದು ತೋರಿಸುತ್ತ ಓಡಾಡಿದ್ದುಂಟು. ಆಗ ಅದು ಸರಿಯಾಗಿಯೇ ಇತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೇಳುಗರಲ್ಲಿ ಅನೇಕರಿಗೆ ತಿಳಿಯದಿರಬಹುದಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಕಾಯಿದೆಯ 206ನೆಯ ಕಲಮಿನಲ್ಲಿ ಎರಡು ಬಗೆಯ ಚೀಟಿಗಳಿವೆ. ಆಪಾದಿತನು ತಲೆ ತಪ್ಪಿಸಿಕೊಂಡಾನೆಂಬ ಶಂಕೆಯಿಂದ ಪೊಲೀಸಿನವರು ಪರವಾನಗಿಯನ್ನು ವಶಪಡಿಸಿಕೊಂಡು ನ್ಯಾಯಸ್ಥಾನಕ್ಕೆ ಕಳಿಸಿದರೆ ಆಗ ಕೊಡುವ ಚೀಟಿ ವಾಹನ ನಡೆಸಲು ಅಧಿಕಾರ ಕೊಡುತ್ತದೆ. ಪರವಾನಗಿ ಮರಳುವವರೆಗೆ, ಇಲ್ಲವೆ ಅದರಲ್ಲಿ ನಮೂದಿಸಿದ ದಿನದವರೆಗೆ. ಇದು ಹಳೆಯ ಚೀಟಿ. 2019ರ ತಿದ್ದುಪಡಿಯಲ್ಲಿ ಇನ್ನೊಂದು ಬಗೆ ಬಂದು ಸೇರಿತು. ಅತಿವೇಗ, ಅಪಾಯಕರ ಚಾಲನೆ, ಮದ್ಯಪಾನ, ಪಂದ್ಯದ ಓಟ, ತಲೆಗೆ ಶಿರಸ್ತ್ರಾಣವಿಲ್ಲದಿರುವುದು, ದ್ವಿಚಕ್ರದಲ್ಲಿ ಮೂವರು ಕೂರುವುದು, ಆಂಬುಲೆನ್ಸಿಗೆ ದಾರಿ ಬಿಡದಿರುವುದು ಮುಂತಾದ ಅಪರಾಧಗಳಲ್ಲಿ ಪರವಾನಗಿ ಹೋಗುವುದು ಅದನ್ನು ನೀಡಿದ ಪ್ರಾಧಿಕಾರಕ್ಕೆ, ಅಮಾನತಿನ ವಿಚಾರಣೆಗಾಗಿ. ಆಗಲೂ ಚೀಟಿ ಕೊಡುತ್ತಾರೆ. ಆದರೆ ಆ ಚೀಟಿ ವಾಹನ ನಡೆಸುವ ಅಧಿಕಾರವನ್ನು ಕೊಡುವುದಿಲ್ಲವೆಂದು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಕೆಂಪು ದೀಪವನ್ನು ದಾಟುವುದು, ಮೊಬೈಲು ಹಿಡಿದು ಓಡಿಸುವುದು ಎರಡೂ ಈಗ 184ನೆಯ ಕಲಮಿನ ಅಪಾಯಕರ ಚಾಲನೆಯ ವಿವರಣೆಯೊಳಗೇ ಸೇರಿವೆ. ನನ್ನ ಜೇಬಿನಲ್ಲಿದ್ದದ್ದು ಎರಡನೆಯ ಬಗೆಯ ಚೀಟಿ. ಹಸ್ತಪ್ರತಿಯೊಂದರ ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಕಣ್ಣು ಸವೆಸಿದ ನಾನು ಆ ಚೀಟಿಯನ್ನು ಒಮ್ಮೆಯೂ ಬಿಡಿಸಿ ಓದಿರಲಿಲ್ಲ.

ಇನ್ನೂ ಒಂದು ಮಾತು. ಪೊಲೀಸಿನವರು ಪರವಾನಗಿಯನ್ನು ವಶಪಡಿಸಿಕೊಳ್ಳಬಹುದೇ ಹೊರತು ತಾವೇ ಅಮಾನತು ಮಾಡುವಂತಿಲ್ಲ. ಆ ಅಧಿಕಾರ ಪರವಾನಗಿ ನೀಡುವ ಪ್ರಾಧಿಕಾರದ್ದು, ಅಥವಾ ನ್ಯಾಯಸ್ಥಾನದ್ದು. 2022ರಲ್ಲಿ ಕಲ್ಕತ್ತ ಹೈಕೋರ್ಟು ಇದನ್ನು ಬಿಡಿಸಿ ಹೇಳಿದೆ. ಪ್ರಾಧಿಕಾರವೂ ನಮ್ಮ ಮಾತನ್ನು ಕೇಳದೆ ಆಜ್ಞೆ ಮಾಡುವಂತಿಲ್ಲ, ಕಾರಣಗಳನ್ನು ಬರೆದಿಡಬೇಕು, ಆಜ್ಞೆಯ ಮೇಲೆ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನನಗೂ ನೋಟೀಸು ಬಂತು. ‘ಏನಾದರೂ ಹೇಳುವುದಿದೆಯೆ?’ ಎಂದು ಅಧಿಕಾರಿ ಕೇಳಿದರು. ವಿಚಾರಸಂಕಿರಣದ ಕರೆ ಬಂದಿತ್ತೆಂದು ಹೇಳಿದೆ. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಜನವರಿಯಲ್ಲಿ ಆಜ್ಞೆ ಬಂತು: ಮೂರು ತಿಂಗಳು. ಮೊದಲ ತಪ್ಪಿಗೆ ಅಷ್ಟು. ಎರಡನೆಯ ಸಲವಾದರೆ ರದ್ದತಿ. ಅವಧಿ ಮುಗಿದ ಮೇಲೂ ಚಾಲಕರ ಪುನಶ್ಚೇತನ ಶಿಕ್ಷಣ ಮುಗಿಸಿದವನಿಗೆ ಮಾತ್ರ ಪರವಾನಗಿಯನ್ನು ಮರಳಿಸತಕ್ಕದ್ದೆಂದು ಕಾಯಿದೆ ವಿಧಿಸುತ್ತದೆ.

‘ಅಮಾನತು’ ಎಂಬ ಶಬ್ದದ ಮೇಲೆ ನನಗೆ ಆಸಕ್ತಿ ಹುಟ್ಟಿದ್ದು ಆಗ. ಪರವಾನಗಿ, ಅಮಾನತು, ರದ್ದು, ಜಪ್ತಿ, ಕಾನೂನು, ವಕೀಲ – ನಮ್ಮ ಕಚೇರಿಯ ಕನ್ನಡವೆಲ್ಲ ಅರಬ್ಬೀ ಪಾರಸಿಗಳಿಂದ ಇಳಿದು ಬಂದದ್ದು. ಅರಬ್ಬಿಯಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಇನ್ನೊಬ್ಬರ ಬಳಿ ಕಾಪಾಡಲು ಇಟ್ಟ ಒಡವೆ. ಕನ್ನಡದಲ್ಲಿಯೂ ಹಣವನ್ನು ಅಮಾನತಿಡುತ್ತೇವೆ, ನೌಕರನನ್ನು ಅಮಾನತಿನಲ್ಲಿಡುತ್ತೇವೆ. ಒಂದೇ ಶಬ್ದ. ಇಂಗ್ಲಿಷಿನವನು ಇದನ್ನು ತೂಗುಹಾಕುವುದು ಎಂಬರ್ಥದ ಶಬ್ದದಿಂದ ಹೇಳಿದರೆ ನಾವು ಇಡುಗಂಟೆಂದು ಹೇಳುತ್ತೇವೆ. ಒಡವೆ ನಾಶವಾಗಿಲ್ಲ, ನಮ್ಮದೇ. ಆದರೆ ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ, ಅವಧಿಗೆ ಮೊದಲು ಕೈ ಹಾಕುವಂತಿಲ್ಲ. ಶಬ್ದದ ಸೊಬಗನ್ನು ಕಂಡು ಅಂದು ಬಹಳ ಸಂತೋಷಪಟ್ಟೆ. ಒಂದು ಟಿಪ್ಪಣಿಯನ್ನೂ ಬರೆದಿಟ್ಟೆ.

ಕಾಯಿದೆಯ ಪರಿಭಾಷೆ ಇದಕ್ಕಿಂತ ಕಠಿಣ. ನಾವು ಅಮಾನತೆನ್ನುವುದನ್ನು ಕಾಯಿದೆ ಬಹುಮಟ್ಟಿಗೆ ಅನರ್ಹತೆ ಎಂದೇ ಕರೆಯುತ್ತದೆ. 23ನೆಯ ಕಲಮಿನ ಪ್ರಕಾರ ಅನರ್ಹತೆಯ ಆಜ್ಞೆಯಾದ ಮನುಷ್ಯ ಆ ಅವಧಿಯಲ್ಲಿ ಪರವಾನಗಿಯನ್ನು ಹೊಂದಲೂ ಪಡೆಯಲೂ ಅರ್ಹನಲ್ಲ. ಅವನ ಬಳಿ ಇರುವ ಪರವಾನಗಿಯೂ ಆ ಅವಧಿಯ ಮಟ್ಟಿಗೆ ನಿಸ್ಸತ್ವ. ಬೇರೆ ಜಿಲ್ಲೆಗೆ ಹೋಗಿ ಹೊಸದನ್ನು ಮಾಡಿಸಿಕೊಂಡರಾಯಿತೆಂದು ಕೆಲವರು ಯೋಚಿಸುತ್ತಾರೆ. ಅನರ್ಹನು ಅರ್ಜಿ ಹಾಕುವುದೇ ಅಪರಾಧ. ಸಿಕ್ಕ ಪರವಾನಗಿಗೆ ಬೆಲೆಯಿಲ್ಲ. ಅಲ್ಲದೆ ಈಗ ದಾಖಲೆಗಳೆಲ್ಲ ‘ಸಾರಥಿ’ ಎಂಬ ಗಣಕದ ಜಾಲದಲ್ಲಿವೆ. ಕೃಷ್ಣನ ಹೆಸರಿನಂತೆ ಅದಕ್ಕೂ ಎಲ್ಲ ಊರುಗಳ ಸಮಾಚಾರ ಗೊತ್ತು.

ಸಾರಥಿ ಎಂದ ಕೂಡಲೇ ಭಾರತ ನೆನಪಾಯಿತು. ವಿರಾಟಪರ್ವವನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಹದಿಮೂರನೆಯ ವರ್ಷದ ಕರಾರನ್ನು ನೀವೆಲ್ಲ ಬಲ್ಲಿರಿ. ಅಜ್ಞಾತವಾಸದಲ್ಲಿ ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಕಾಡು. ಭೀಮನ ತೋಳಿನ ಬಲ ಆ ವರ್ಷ ಒಂದು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಗಾಂಡೀವಕ್ಕೆ ತುಕ್ಕು ಹಿಡಿದಿರಲಿಲ್ಲ. ಆಯುಧಗಳೆಲ್ಲ ಬನ್ನಿಯ ಮರದ ಮೇಲೆ ಕಟ್ಟಿ ತೂಗುತ್ತಿದ್ದುವು, ಅಷ್ಟೆ. ಬಲ ಇದೆ, ಹಕ್ಕಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ವಿದ್ಯಾರ್ಥಿಗಳು ತಲೆದೂಗುತ್ತಿದ್ದರು. ನಮ್ಮ ಮನೆಯಲ್ಲಿ ಸ್ಕೂಟರಿನ ಬೀಗದ ಕೈ ಪಡಸಾಲೆಯ ಮೊಳೆಗೆ ತೂಗುಹಾಕಿತ್ತು. ಹೋಗುತ್ತ ಬರುತ್ತ ಕಣ್ಣಿಗೆ ಬೀಳುತ್ತಿತ್ತು. ಬಲ್ಲವನಿಗೆ ಬೇಡವೆಂದರೆ ಅದು ನಿಯಮದಂತೆ ತೋರುವುದಿಲ್ಲ, ಅವಮಾನದಂತೆ ತೋರುತ್ತದೆ. ನಲವತ್ತು ವರ್ಷ ಓಡಿಸಿದ್ದೇನೆ, ಒಂದು ನಾಯಿಗೂ ತಗುಲಿಸಿಲ್ಲ, ಒಂದು ಕೆಂಪು ದೀಪಕ್ಕೆ ಇಷ್ಟು ರಂಪವೇ ಎಂದು ದಿನಕ್ಕೆರಡು ಸಲವಾದರೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಲವತ್ತನೆಯ ದಿನ ಬೀಗದ ಕೈಯನ್ನು ಮೊಳೆಯಿಂದ ತೆಗೆದೆ. ಕಾರಣ ಭಾರಿಯದೇನಲ್ಲ. ಹೆಂಡತಿಯ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಔಷಧದ ಅಂಗಡಿ ಒಂದೂವರೆ ಕಿಲೋಮೀಟರು. ಆಟೋದವನನ್ನು ಕರೆಯಬಹುದಿತ್ತು, ನಡೆಯಲೂಬಹುದಿತ್ತು. ಸಂಜೆ ಏಳು ಗಂಟೆ. ಬಹಳ ನಿಧಾನವಾಗಿ, ಕಳ್ಳನಿಗೆ ಸಹಜವಾದ ಎಚ್ಚರದಿಂದ ಹೋಗುತ್ತಿದ್ದೆ. ಹಿಂದೆಂದೂ ಅಷ್ಟು ಚೆನ್ನಾಗಿ ಓಡಿಸಿರಲಿಲ್ಲವೆಂದೇ ಹೇಳಬೇಕು. ಓಣಿಯೊಂದರಿಂದ ಹನ್ನೆರಡು ವರ್ಷದ ಹುಡುಗ ಸೈಕಲಿನಲ್ಲಿ ನುಗ್ಗಿ ಬಂದ. ನನ್ನ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ತಗುಲಿತು. ಹುಡುಗ ಕೈಯೂರಿ ಬಿದ್ದ.

ಮಣಿಕಟ್ಟು ನೋಡುನೋಡುತ್ತಿದ್ದಂತೆ ಊದಿಕೊಂಡಿತು. ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಕ್ಷಕಿರಣದ ಚಿತ್ರ ಬರುವವರೆಗಿನ ಮುಕ್ಕಾಲು ಗಂಟೆ ಆ ಬೆಂಚಿನ ಮೇಲೆ ಹುಡುಗನ ಪಕ್ಕದಲ್ಲಿ ಕೂತಿದ್ದೆ. ಅವನು ಏಳನೆಯ ತರಗತಿ. ‘ನೋವಿದೆಯೇನಪ್ಪ’ ಎಂದರೆ ‘ಸೈಕಲ್ ಅಲ್ಲೇ ಬಿಟ್ಟು ಬಂದ್ವಿ’ ಎನ್ನುತ್ತಿದ್ದ. ಮೂಳೆ ಮುರಿದಿರಲಿಲ್ಲ. ಅಷ್ಟರಲ್ಲಿ ಅವನ ತಂದೆ ಬಂದ. ಖಾಕಿ ಅಂಗಿ, ಆಟೋ ಚಾಲಕ. ನನ್ನ ಮೇಲೆ ಕೂಗಾಡಿಯಾನು ಎಂದುಕೊಂಡಿದ್ದೆ. ಅವನು ಮಗನ ಕೈ ನೋಡಿ, ಚಿತ್ರ ನೋಡಿ, ‘ಇವನು ಯಾವಾಗಲೂ ಹಿಂಗೇ ಸಾರ್, ನೋಡದೆ ನುಗ್ತಾನೆ. ಬಿಟ್ಟು ಓಡಿಹೋಗೋರೇ ಜಾಸ್ತಿ, ನೀವು ದೇವರ ಹಾಗೆ ಆಸ್ಪತ್ರೆಗೆ ತಂದ್ರಿ’ ಎಂದ. ನಾನು ಸುಮ್ಮನೆ ಕೇಳಿಸಿಕೊಂಡೆ. ನನ್ನ ಬಳಿ ಪರವಾನಗಿಯಿಲ್ಲವೆಂದು ಹೇಳಲಿಲ್ಲ.

ಆ ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋದೆ – ನಡೆದು. ಅವರು ಊರಿನಲ್ಲಿ ಒಳ್ಳೆಯ ವಕೀಲರು. ಗುರುವೆಂಬ ಗೌರವದಿಂದ ಮೊದಲು ಕಾಫಿ ಕೊಟ್ಟರು, ಆಮೇಲೆ ಕಾಯಿದೆಯ ಪುಸ್ತಕ ತೆಗೆದರು. ಅಪಘಾತದಲ್ಲಿ ಗಾಯವಾದಾಗ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಮೊದಲ ಕರ್ತವ್ಯ, ಅದು ಆಯಿತು. ಸ್ಥಳದಲ್ಲಿ ಪೊಲೀಸಿನವರು ಇಲ್ಲದಿದ್ದರೆ ಹತ್ತಿರದ ಠಾಣೆಗೆ ಬೇಗನೆ, ಎಷ್ಟು ತಡವಾದರೂ ಇಪ್ಪತ್ತನಾಲ್ಕು ಗಂಟೆಗಳೊಳಗೆ, ವರದಿ ಮಾಡುವುದು ಎರಡನೆಯದು. ಇದು 134ನೆಯ ಕಲಮು. ‘ನಿಮಗೆ ಇನ್ನು ಇಪ್ಪತ್ತೊಂದು ಗಂಟೆ ಇದೆ ಸಾರ್’ ಎಂದರು.

ನಾನು ವಾದಿಸಿದೆ. ತಪ್ಪು ಹುಡುಗನದಲ್ಲವೆ? ನನ್ನ ಚಾಲನೆಯಲ್ಲಿ ದೋಷವೆಲ್ಲಿ? ಆ ಮಾತನ್ನು ವಕೀಲರು ತಳ್ಳಿಹಾಕಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಹೇಳಿದೆಯಂತೆ: ಪರವಾನಗಿಯಿಲ್ಲದೆ ಓಡಿಸುವುದು ಅಪರಾಧವಾದರೂ ಅಷ್ಟರಿಂದಲೇ ಅಪಘಾತಕ್ಕೆ ಅವನ ಅಲಕ್ಷ್ಯ ಕಾರಣವೆಂದಾಗುವುದಿಲ್ಲ. ಅದೊಂದು ಪ್ರಶ್ನೆ, ಇದೊಂದು ಪ್ರಶ್ನೆ. ‘ನೀವು ಚೆನ್ನಾಗಿ ಓಡಿಸಿದಿರೋ ಇಲ್ಲವೋ ಎಂಬುದು ಬೇರೆ. ನೀವು ಓಡಿಸಿದಿರಲ್ಲ, ಅದೇ 182’ ಎಂದರು.

ಬಳಿಕ ಅವರು ತೋರಿಸಿದ ಒಂದು ಹೋಲಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿರುವ ಕಲಮುಗಳು 181 ಮತ್ತು 182. ಮೊದಲನೆಯದು ಪರವಾನಗಿಯನ್ನು ಎಂದೂ ಪಡೆಯದೆ ವಾಹನ ಹತ್ತಿದವನನ್ನೂ ಒಳಗೊಳ್ಳುತ್ತದೆ. ಎರಡನೆಯದು ಅನರ್ಹತೆಯ ಆಜ್ಞೆಯನ್ನು ಮೀರಿದವನಿಗೆ. ಎರಡಕ್ಕೂ ಮೂರು ತಿಂಗಳವರೆಗಿನ ಸೆರೆಯೋ ದಂಡವೋ ಅಥವಾ ಎರಡೂ ಉಂಟು. 2019ಕ್ಕೆ ಮೊದಲು ಎರಡಕ್ಕೂ ದಂಡ ಒಂದೇ, ಹೆಚ್ಚೆಂದರೆ 500 ರೂಪಾಯಿ. ತಿದ್ದುಪಡಿ ಬಂದಾಗ ಮೊದಲನೆಯದು 5,000 ಆಯಿತು, ಎರಡನೆಯದು 10,000. ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತಿಳಿಯದ ಪಡ್ಡೆ ಹುಡುಗನಿಗಿಂತ ನಲವತ್ತು ವರ್ಷದ ಅನುಭವವುಳ್ಳ ನಾನು ಇಮ್ಮಡಿ ಕೊಡಬೇಕು. ಮೊದಮೊದಲು ಇದು ವಿಪರೀತವೆಂದು ಕಂಡಿತು. ಬೀದಿಯಲ್ಲಿ ಹೆಚ್ಚು ಅಪಾಯಕಾರಿ ಯಾರು? ಕಲಿಯದವನೇ ಅಲ್ಲವೆ? ಮನೆಗೆ ಬಂದು ನಿದ್ದೆ ಬಾರದೆ ಹೊರಳುತ್ತಿದ್ದಾಗ ಇನ್ನೊಂದು ಬಗೆಯಲ್ಲಿ ನೋಡಿದೆ. ಕಲಿಯದವನಿಗೆ ಯಾರೂ ಎದುರು ಕೂರಿಸಿಕೊಂಡು ‘ಏನಾದರೂ ಹೇಳುವುದಿದೆಯೆ’ ಎಂದು ಕೇಳಿರಲಿಲ್ಲ. ನನ್ನನ್ನು ಕೇಳಿದ್ದರು, ಆಜ್ಞೆಗೆ ನಾನು ರುಜು ಹಾಕಿ ಪ್ರತಿಯನ್ನು ಪಡೆದಿದ್ದೆ, ಮೇಲ್ಮನವಿಗೆ ಅವಕಾಶವಿದ್ದರೂ ಹೋಗಿರಲಿಲ್ಲ.

ಮಿಕ್ಕ ಪರಿಣಾಮಗಳನ್ನು ವಕೀಲರು ಒಂದೊಂದಾಗಿ ಹೇಳಿದರು. ಸ್ಕೂಟರು ಯಾರ ಹೆಸರಿನಲ್ಲಿದೆಯೆಂದು ಕೇಳಿದರು. ಪುಣೆಯಲ್ಲಿರುವ ಮಗ ಕೊಡಿಸಿದ್ದು. ಅವನ ಹೆಸರಿನಲ್ಲೇ ಇದೆ. ಸರಿಯಾದ ಪರವಾನಗಿಯಿಲ್ಲದವನಿಗೆ ವಾಹನ ನಡೆಸಗೊಡುವ ಮಾಲೀಕನೂ ಅಪರಾಧಿ – 5ನೆಯ ಮತ್ತು 180ನೆಯ ಕಲಮು – ಅವನಿಗೂ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿ, ಅಥವಾ ಎರಡೂ. ‘ನಿಮ್ಮ ಮಗನಿಗೆ ಗೊತ್ತಿತ್ತೆ?’ ಗೊತ್ತಿರಲಿಲ್ಲ. ಅಮಾನತಿನ ವಿಷಯವನ್ನು ನಾಚಿಕೆಯಿಂದ ಅವನಿಂದ ಮುಚ್ಚಿಟ್ಟಿದ್ದೆ. ‘ಹಾಗಿದ್ದರೆ ಅವರು ಪಾರು’ ಎಂದರು. ನನ್ನ ಸುಳ್ಳು ಮಗನನ್ನು ಕಾಯಿತು. ಇದನ್ನು ಹೇಗೆ ಅರ್ಥೈಸಬೇಕೋ ನನಗೆ ಇನ್ನೂ ತಿಳಿದಿಲ್ಲ.

ವಿಮೆಯ ವಿಷಯ ಸ್ವಲ್ಪ ಜಟಿಲ. ಸಾಮಾನ್ಯವಾಗಿ ವಾಹನ ವಿಮೆಯ ಪತ್ರದಲ್ಲಿ ಚಾಲಕನು ಸಿಂಧುವಾದ ಪರವಾನಗಿಯುಳ್ಳವನೂ ಅನರ್ಹನಾಗದವನೂ ಆಗಿರತಕ್ಕದ್ದೆಂಬ ಷರತ್ತು ಇರುತ್ತದೆ. ಆದ್ದರಿಂದ ನನ್ನ ಸ್ಕೂಟರು ನುಚ್ಚುನೂರಾಗಿದ್ದರೂ ಪರಿಹಾರ ಕೇಳುವ ಬಾಯಿ ನನಗಿರಲಿಲ್ಲ. ಅದು ಹೋಗಲಿ. ಗಾಯಗೊಂಡ ಮೂರನೆಯವನ ಗತಿ? ಇಲ್ಲಿ ನಮ್ಮ ನ್ಯಾಯಾಲಯಗಳು ಬಹಳ ಯೋಚಿಸಿವೆ. 1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಗುಜರಾತಿನ ಒಂದು ಪ್ರಕರಣವಿತ್ತು. ಲಾರಿಯ ಚಾಲಕ ಎಂಜಿನನ್ನು ನಿಲ್ಲಿಸದೆ ತಿಂಡಿ ತರಲು ಎದುರಿನ ಅಂಗಡಿಗೆ ಹೋದ, ಪರವಾನಗಿಯಿಲ್ಲದ ಕ್ಲೀನರು ಲಾರಿಯನ್ನು ನಡೆಸಿದ, ಅಪಘಾತವಾಯಿತು. ಪರವಾನಗಿಯಿಲ್ಲದವನು ನಡೆಸಿದ್ದರಿಂದ ತಾನು ಕೊಡಬೇಕಾಗಿಲ್ಲವೆಂದಿತು ವಿಮಾ ಸಂಸ್ಥೆ. ಷರತ್ತನ್ನು ಮಾಲೀಕ ತಾನಾಗಿ ಮುರಿದಿಲ್ಲ, ಆದ್ದರಿಂದ ಕೊಡತಕ್ಕದ್ದೆಂದಿತು ನ್ಯಾಯಾಲಯ. ಮುಂದೆ 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳು ಇದನ್ನು ವಿಸ್ತರಿಸಿದರು. ಪರವಾನಗಿಯಿಲ್ಲ, ಖೋಟಾ, ಅಥವಾ ಚಾಲಕ ಅನರ್ಹ ಎಂಬಷ್ಟರಿಂದಲೇ ವಿಮಾ ಸಂಸ್ಥೆ ಕೈ ತೊಳೆದುಕೊಳ್ಳುವಂತಿಲ್ಲ. ಮಾಲೀಕನ ಅಲಕ್ಷ್ಯವನ್ನು ಅದು ರುಜುವಾತುಪಡಿಸಬೇಕು. ಅನೇಕ ಸಂದರ್ಭಗಳಲ್ಲಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಆ ತೀರ್ಪಿಗೆ ಆಧಾರವಾದ 149ನೆಯ ಕಲಮು 2022ರ ಏಪ್ರಿಲಿನಿಂದ 150 ಆಗಿದೆ, ಮಾತುಗಳೂ ಬದಲಾಗಿವೆ ಎಂದು ವಕೀಲರು ಎಚ್ಚರಿಸಿದರು.

‘ವಸೂಲು ಮಾಡಿಕೊಳ್ಳುವುದೆಂದರೆ?’ ಎಂದು ಕೇಳಿದೆ. ‘ಮನೆ, ಸಾರ್’ ಎಂದರು.

ಆ ಹುಡುಗ ಕೈಯೂರಿ ಬೀಳುವುದರ ಬದಲು ತಲೆಯೂರಿ ಬಿದ್ದಿದ್ದರೆ ಎಂದು ನಾನು ಕೇಳಲಿಲ್ಲ. ಅವರಾಗಿಯೇ ಹೇಳಿದರು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಲಕ್ಷ್ಯದಿಂದ ಸಾವುಂಟುಮಾಡಿದವನಿಗೆ ಮೊದಲು ಎರಡು ವರ್ಷದವರೆಗೆ ಇದ್ದ ಸೆರೆ ಈಗ ಐದು ವರ್ಷದವರೆಗೆ. ಅಲಕ್ಷ್ಯವನ್ನು ಬೇರೆಯಾಗಿಯೇ ಸ್ಥಾಪಿಸಬೇಕು, ನಿಜ. ಆದರೆ ಅನರ್ಹನಾಗಿಯೂ ಬೀದಿಗೆ ಬಂದವನ ಮಾತನ್ನು ಯಾವ ನ್ಯಾಯಾಧೀಶ ಸುಲಭವಾಗಿ ನಂಬಿಯಾನು?

ಬೆಳಗ್ಗೆ ಠಾಣೆಗೆ ಹೋಗುವ ಮೊದಲು ಆ ಆಟೋ ಚಾಲಕನ ಮನೆಯನ್ನು ಹುಡುಕಿಕೊಂಡು ಹೋದೆ. ಇದನ್ನು ವಕೀಲರು ಹೇಳಿರಲಿಲ್ಲ, ಬೇಡವೆಂದೂ ಹೇಳಿದ್ದರು. ಹುಡುಗ ಕೈಗೆ ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ. ಸಂಗತಿಯನ್ನು ಹೇಳಿದೆ. ಆ ಮನುಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತನ್ನದೇ ಒಂದು ಕತೆಯನ್ನು ಹೇಳಿದ. ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಮಿತಿ ಮೀರಿ ತುಂಬಿಕೊಂಡು ಹೋದದ್ದಕ್ಕೆ ಅವನ ಪರವಾನಗಿಯೂ ಮೂರು ತಿಂಗಳು ಅಮಾನತಿನಲ್ಲಿತ್ತಂತೆ. ಆಟೋವನ್ನು ಇನ್ನೊಬ್ಬನಿಗೆ ದಿನದ ಬಾಡಿಗೆಗೆ ಕೊಟ್ಟು ತಾನು ಮಾರುಕಟ್ಟೆಯ ಅಂಗಳದಲ್ಲಿ ಈರುಳ್ಳಿ ಮೂಟೆ ಹೊತ್ತ. ಹೆಂಡತಿಯ ಎರಡು ಬಳೆ ಹೋದುವು. ‘ಒಂದು ದಿನವೂ ಮುಟ್ಟಲಿಲ್ಲ ಸಾರ್. ಮುಟ್ಟಿ ಸಿಕ್ಕಿಬಿದ್ದರೆ ಪೂರಾ ಹೋಗ್ತಿತ್ತು, ಆಮೇಲೆ ಇವರನ್ನು ಏನು ಮಾಡಲಿ?’ ಎಂದ. ಸ್ವಲ್ಪ ತಡೆದು, ‘ನಿಮಗೆ ಪೆನ್ಷನ್ ಬರ್ತದಲ್ವಾ’ ಎಂದ.

ಅವನು ಅದನ್ನು ಆಕ್ಷೇಪಣೆಯ ದನಿಯಲ್ಲಿ ಹೇಳಲಿಲ್ಲ. ಸುಮ್ಮನೆ ಕೇಳಿದ, ಲೆಕ್ಕ ಹಾಕುವವನಂತೆ. ಕಾಯಿದೆಗೆ ನಾವಿಬ್ಬರೂ ಸಮಾನರು: ಅವನಿಗೂ ಮೂರು ತಿಂಗಳು, ನನಗೂ ಮೂರು ತಿಂಗಳು. ಅವನಿಗೆ ಅದು ಅನ್ನ. ನನಗೆ ಒಂದೂವರೆ ಕಿಲೋಮೀಟರಿನ ನಡಿಗೆ. ಈ ಅಸಮಾನತೆಯನ್ನು ಕುರಿತು ಕಾಯಿದೆ ಮಾಡುವವರು ಯೋಚಿಸಬೇಕೆಂದು ನನಗೆ ಈಗಲೂ ತೋರುತ್ತದೆ. ದುಡಿಯುವ ಚಾಲಕನಿಗೆ ಅಮಾನತಿನ ಬದಲು ಬೇರೆ ದಾರಿ ಇರಬಾರದೆ? ಇದ್ದರೆ ಒಳ್ಳೆಯದೇ. ಆದರೆ ಅಂದು ಆ ಮನೆಯ ಜಗುಲಿಯ ಮೇಲೆ ಕೂತಿದ್ದಾಗ ಆ ವಾದವನ್ನು ಎತ್ತುವ ಯೋಗ್ಯತೆ ನನಗಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಠಾಣೆಯಲ್ಲಿ ಎಲ್ಲವನ್ನೂ ಬರೆಸಿದೆ. ಹುಡುಗನ ತಂದೆ ಅಜಾಗರೂಕ ಚಾಲನೆಯ ದೂರು ಕೊಡಲಿಲ್ಲ. ಓಣಿಯ ಬಾಯಲ್ಲಿದ್ದ ಅಂಗಡಿಯವನೂ ನಾನು ನಿಧಾನವಾಗಿ ಬಂದೆನೆಂದೇ ಹೇಳಿದ. ಉಳಿದದ್ದು 182. ನ್ಯಾಯಸ್ಥಾನದಲ್ಲಿ ತಪ್ಪನ್ನು ಒಪ್ಪಿಕೊಂಡೆ. ಮ್ಯಾಜಿಸ್ಟ್ರೇಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಏನು ಉದ್ಯೋಗವೆಂದು ಕೇಳಿದರು. ಕನ್ನಡ ಪ್ರಾಧ್ಯಾಪಕನಾಗಿದ್ದೆ ಎಂದೆ. ಒಮ್ಮೆ ತಲೆಯೆತ್ತಿ ನೋಡಿದರು, ಮತ್ತೆ ಬರೆಯತೊಡಗಿದರು. 10,000 ರೂಪಾಯಿ ದಂಡ. ಅದರ ಮೇಲೆ, 20ನೆಯ ಕಲಮು ನ್ಯಾಯಾಲಯಕ್ಕೆ ಕೊಡುವ ಅಧಿಕಾರದಂತೆ, ಇನ್ನೂ ಆರು ತಿಂಗಳ ಅನರ್ಹತೆ. ಹದಿಮೂರನೆಯ ವರ್ಷದಲ್ಲಿ ಗುರುತು ಸಿಕ್ಕಿದವನಿಗೆ ಮತ್ತೆ ವನವಾಸ.

ನ್ಯಾಯಾಲಯದ ಅನರ್ಹತೆಯ ಮೇಲೆ ಮೇಲ್ಮನವಿ ಹಾಕಬಹುದು. ಆದರೆ ಹಾಕಿದ ಮಾತ್ರಕ್ಕೆ ಆಜ್ಞೆ ನಿಲ್ಲುವುದಿಲ್ಲ, ಮೇಲಿನ ನ್ಯಾಯಾಲಯ ಬೇರೆಯಾಗಿ ಹೇಳಬೇಕು. ಇದನ್ನು ತಿಳಿಯದೆ ‘ಅಪೀಲು ಹಾಕಿದ್ದೇನೆ’ ಎಂಬ ಧೈರ್ಯದಲ್ಲಿ ಓಡಿಸಿ ಎರಡನೆಯ ಸಲ ಸಿಕ್ಕಿಬೀಳುವವರುಂಟೆಂದು ವಕೀಲರು ಹೇಳಿದರು. ಕೇಳುಗರಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಗಮನಿಸಬೇಕು. ಶಿರಸ್ತ್ರಾಣವಿಲ್ಲದೆ ಹೊರಟವರೂ ಗಮನಿಸಬೇಕು. ಅದಕ್ಕೆ 1,000 ರೂಪಾಯಿ ದಂಡವೆಂದು ಎಲ್ಲರಿಗೂ ಗೊತ್ತು, ಜೊತೆಯಲ್ಲಿ ಮೂರು ತಿಂಗಳ ಅನರ್ಹತೆಯೂ ಅದೇ ಕಲಮಿನಲ್ಲಿದೆಯೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಈ ಸಂಗತಿಯನ್ನು ಬಾನುಲಿಯಲ್ಲಿ ಹೇಳುತ್ತೇನೆಂದಾಗ ವಕೀಲರು ಬೇಡವೆಂದರು. ದಂಡ ಕಟ್ಟಿಯಾಗಿದೆಯಲ್ಲ, ಇನ್ನೇನು ಭಯ ಎಂದೆ. ‘ಕಾನೂನಿನ ಭಯವಲ್ಲ ಸಾರ್, ಊರಿನವರದು’ ಎಂದರು. ಮಗನಿಗೂ ತಿಳಿಸಿದೆ. ಅವನು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಸ್ಕೂಟರನ್ನು ಮಾರಿಬಿಡಲೇ ಎಂದು ಕೇಳಿದ. ಬೇಡವೆಂದೆ. ಬೀಗದ ಕೈ ಈಗ ನನ್ನ ಹೆಂಡತಿಯ ಬಳಿ ಇದೆ. ಎಲ್ಲಿಟ್ಟಿದ್ದಾಳೆಂದು ನಾನು ಕೇಳಿಲ್ಲ. ಹುಡುಗ ಒಮ್ಮೊಮ್ಮೆ ಸೈಕಲಿನಲ್ಲಿ ನಮ್ಮ ಬೀದಿಯಲ್ಲಿ ಹೋಗುವುದು ಕಾಣುತ್ತದೆ. ಈಗಲೂ ನೋಡದೆ ನುಗ್ಗುತ್ತಾನೆ.

ನನ್ನ ಅವಧಿ ಮುಗಿಯಲು ಇನ್ನೂ ಏಳು ವಾರಗಳಿವೆ. ಈ ನಿಲಯಕ್ಕೆ ಎರಡು ಬಸ್ಸು ಬದಲಾಯಿಸಿ ಬಂದೆ. ಮರಳುವ ಬಸ್ಸು ಎಂಟೂವರೆಗೆ ಇದೆ. ಅದು ತಪ್ಪಿದರೆ ಹತ್ತಕ್ಕೆ.